ಅದಲುಬದಲಾದ ಎರಡು ವೈರು

"ಏ! ಮುಟ್ಟಬೇಡ!"

ಸಿರಿಯ ಕೈಯಲ್ಲಿದ್ದ ಪೊರಕೆ ಕೆಳಗೆ ಬಿತ್ತು. ಬಸರೀಕಟ್ಟೆ ಗುಡ್ಡದ ಮೇಲೆ ಸಾಲಾಗಿ ನಿಂತ ಎಂಟು ಆಂಟೆನಾಗಳ ಆಚೆಯಿಂದ ಒಬ್ಬ ಓಡಿಬಂದ. ಹೊಸ ಇಂಜಿನಿಯರ್ ಅವಿನಾಶ. ಅವಳು ಅಲ್ಲಿ ಗುಡಿಸಿ, ಕಾವಲಿರುವವಳು.

ಅವಳ ಮುಖ ಕಂಡು ಅವನೇ ತಬ್ಬಿಬ್ಬಾದ.

"ಹೆದರಿಸಿಬಿಟ್ನಾ? ಬೇಜಾರು ಮಾಡ್ಕೋಬೇಡಿ ಮಾರಾಯ್ರೆ... ಈ ಎಂಟೂ ಒಟ್ಟಿಗೆ ಹೆಜ್ಜೆ ಹಾಕ್ಬೇಕು. ಒಂದೊಂದು ವೈರಲ್ಲಿ ಸಿಗ್ನಲ್ ಒಂದಿಷ್ಟು ಹಿಂದೆಮುಂದೆ ಆಗ್ತದೆ. ಅದನ್ನ ಅಳೆದು ಮೆಷಿನ್ನಿಗೆ ಹೇಳಿಕೊಡೋದೇ ನನ್ನ ಕೆಲಸ."

ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಅವಳಿಗೆ ಇಷ್ಟು ತಾಳ್ಮೆಯಿಂದ ಯಾರೂ ಏನನ್ನೂ ಹೇಳಿರಲಿಲ್ಲ!

ಹದಿನೈದು ದಿನ ಅವಳು ಅವನನ್ನು ದೂರದಿಂದ ನೋಡಿದಳು. ಅವನೂ ಆಗಾಗ ಕೆಲಸ ನಿಲ್ಲಿಸಿ ಅವಳತ್ತ ತಿರುಗುತ್ತಿದ್ದ. ಅಳತೆ ಮುಗಿದ ದಿನ ಅವನ ಕೈತುಂಬ ಚಗಳಿ ಇರುವೆ ಕಚ್ಚಿದ ಗುಳ್ಳೆ. ವೈರುಗಳ ಸಂದಿಯಲ್ಲಿ ಅವು ಗೂಡು ಕಟ್ಟಿದ್ದವು. ಮರುದಿನ ಅವನು ಬರುವ ಮೊದಲೇ ಸಿರಿ ಎರಡು ವೈರು ಬಿಚ್ಚಿ, ಗೂಡು ಕಿತ್ತು, ಮತ್ತೆ ತಿರುಗಿಸಿ ಕೂರಿಸಿದಳು.

ಅಂದಿನಿಂದಲೇ ಮೆಷಿನ್ನಿನ ಪರದೆಯ ಮೇಲೆ ಎಂಟು ಗೆರೆಗಳ ಲೆಕ್ಕ ತಪ್ಪಿತು.

'ನನ್ನಿಂದಲೇ... ಹೇಳಿದರೆ ಅವರ ಕಣ್ಣಲ್ಲಿ ನಾನು ಏನಾಗ್ತೀನಿ?'

ಮೂರು ದಿನ ಅವನು ಊಟ ಬಿಟ್ಟು ತಪ್ಪು ಎಲ್ಲಿದೆ ಎಂದು ಹುಡುಕಿದ. ಮೂರು ದಿನವೂ ಅವಳು ತಲೆ ತಗ್ಗಿಸಿ ಗುಡಿಸಿದಳು. ನಾಲ್ಕನೇ ದಿನ ಅವನಿಗೆ ಸಾಹೇಬರ ಫೋನು ಬಂತು.

"ಹೌದು ಸರ್... ಇವತ್ತು ಸರಿಯಾಗದಿದ್ರೆ ನನ್ನನ್ನ ತೆಗೀರಿ. ಆ ಹುಡುಗಿಯಾ? ಅವಳಿಗೆ ಎಂತ ಗೊತ್ತಾಗ್ತದೆ ಸರ್? ಮುಟ್ಟಿರಲ್ಲ."

ಸಿರಿಯ ಕಿವಿ ಬಿಸಿಯಾಯಿತು. ಇಷ್ಟೇನಾ ನಾನು ಇವರಿಗೆ! ಆದರೂ ಅವನ ಬಾಡಿದ ಮುಖ ನೋಡಲಾಗಲಿಲ್ಲ.

"ಮುಟ್ಟಿದ್ದೇನೆ," ಎಂದಳು. "ಮೂರನೇದು, ನಾಲ್ಕನೇದು... ಚಗಳಿ ಗೂಡು ತೆಗೀಲಿಕ್ಕೆ. ನಿಮಗೆ ಕಚ್ಚಬಾರ್ದು ಅಂತ. ಮೂರು ದಿನ ಹೇಳದೇ ಇದ್ದೆ. ನನ್ನ ಬಯ್ಯಿರಿ..."

ಅವಿನಾಶ ಎರಡೂ ವೈರುಗಳನ್ನು ಅದಲುಬದಲು ಮಾಡಿದ. ಪರದೆಯ ಮೇಲೆ ಎಂಟು ಗೆರೆಗಳೂ ಒಂದಾದವು.

"ಸರ್ ಹತ್ರ ನನ್ನದೇ ತಪ್ಪು ಅಂತೀನಿ."

"ಬೇಡ! ನನ್ನ ಹೆಸರೇ ಹೇಳಿ. ಎಂತದೂ ಗೊತ್ತಿಲ್ಲದವಳು ಅಂತ ಮಾತ್ರ ಹೇಳ್ಬೇಡಿ..."

ಅವನ ಮುಖ ಕಪ್ಪಿಟ್ಟಿತು. "ಫೋನಲ್ಲಿ ಅಂದಿದ್ದು ಕೇಳಿಸ್ತಾ? ನಿನ್ನ ಕೆಲಸ ಹೋಗ್ಬಾರ್ದು ಅಂತ ಅಂದೆ ಸಿರಿ. ಆದ್ರೂ ಹಾಗನ್ನಬಾರ್ದಿತ್ತು. ನಂಗೇ ನಾಚಿಕೆ ಆಗ್ತಿದೆ."

"ನನಗಿಂತ ಜಾಸ್ತಿನಾ?"

"ಜಾಸ್ತಿ... ಕೆಲಸ ಮುಗೀತು ಅಂತ ಹೊರಡ್ಬೇಕು. ನನಗೆ ನಿನ್ನ ಬಿಟ್ಟು ಹೋಗೋ ಮನಸ್ಸೇ ಇಲ್ಲ. ನಿಮ್ಮನೆಗೆ ಬರ್ಲಾ, ಅಪ್ಪನ ಹತ್ರ ಮಾತಾಡ್ಲಿಕ್ಕೆ?"

ಅವಳು ಪೊರಕೆಯನ್ನು ಕೆಳಗಿಟ್ಟಳು.

"ಭಾನುವಾರ ಅಪ್ಪ ಮನೇಲಿರ್ತಾರೆ," ಎಂದಳು.