ಸೋಮವಾರದ ತರಿ ಪುಡಿ

"ಅಮ್ಮಾರೇ, ನನ್ ಮಗ ಮಿಷಿನ್ ಕೆಡ್ಸೋ ಅಂತೋನಲ್ಲ. ನಾಳೆ ಸೋಮಾರ ಇನ್ನೊಂದ್ ಕಿತ ಪುಡಿ ಕೆಟ್ರೆ ಮನೆಗೋಗು ಅಂದವ್ರೆ!"

ಹೆಮ್ಮಿಗೆಯ ಮಂಚಮ್ಮ ನಂಜನಗೂಡಿನ ನಮ್ಮ ಜಗಲಿಯಲ್ಲಿ ಕೂತು ಅತ್ತಳು. ನಮ್ಮತ್ತೆ ಸುಬ್ಬಲಕ್ಷ್ಮಮ್ಮ ನಿವೃತ್ತ ವಿಜ್ಞಾನ ಶಿಕ್ಷಕಿ. ಊರಿನವರ ಪಾಲಿಗೆ ಪತ್ತೇದಾರಿಣಿ. ಸೊಸೆ ವಾಣಿ, ಅಂದರೆ ನಾನು, ಅವರ ಸ್ಕೂಟರ್ ಸಾರಥಿ. ಬೈಸಿಕೊಳ್ಳುವ ಕೆಲಸವೂ ನನ್ನದೇ.

ಮಂಚಮ್ಮನ ಮಗ ಚೆಲುವರಾಜು ತಾಂಡ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಅದಿರು ಅರೆಯುವ ಮಿಲ್ಲು ನೋಡಿಕೊಳ್ಳುತ್ತಿದ್ದ. ಡ್ರಮ್ಮು ತಿರುಗಿದಂತೆ ಒಳಗಿನ ಉಕ್ಕಿನ ಗುಂಡುಗಳು ಅದಿರನ್ನು ಪುಡಿ ಮಾಡುತ್ತಿದ್ದವು. ಪುಡಿ ಇನ್ನೂ ನುಣ್ಣಗೆ ಬರಲೆಂದು ಮಾಲೀಕ ಪ್ರಸಾದ್ ಒಂದು ಮೈಕು ಹಾಕಿಸಿದ್ದರು. ಅದಿರು ಕಡಿಮೆಯಾಗಿ ಗುಂಡುಗಳು ಠಣಠಣ ಎಂದರೆ, ಆ ಸದ್ದು ಹಿಡಿದು ಯಂತ್ರ ತಾನೇ ಅದಿರು ಸುರಿಸುತ್ತಿತ್ತು. ಆದರೆ ಸೋಮವಾರ ಮಧ್ಯಾಹ್ನ ಮಾತ್ರ ಪುಡಿ ತರಿತರಿಯಾಗುತ್ತಿತ್ತು. ಯಂತ್ರವೇ ಅದಿರು ಸುರಿದರೆ ತನ್ನ ಕೆಲಸ ಹೋದೀತೆಂಬ ಹೆದರಿಕೆಗೆ ಚೆಲುವರಾಜುವೇ ಯಂತ್ರ ಕೆಡಿಸುತ್ತಿದ್ದಾನೆಂದು ಪ್ರಸಾದ್ ಎಲ್ಲರ ಮುಂದೆ ಅಂದಿದ್ದರು.

ಮರುದಿನ ಬೆಳಿಗ್ಗೆ ಮಂಚಮ್ಮನೊಂದಿಗೆ ಅಲ್ಲಿಗೆ ಹೋದೆವು. ಹಣೆ ತುಂಬ ವಿಭೂತಿ ಧರಿಸಿದ್ದ ಪ್ರಸಾದ್ ಸಿಡುಕುತ್ತಲೇ ಒಳಗೆ ಬಿಟ್ಟರು.

"ಸೋಮವಾರ ಊಟದ ಹೊತ್ತಲ್ಲಿ ಇಲ್ಲಿ ಯಾರಿರ್ತಾರಪ್ಪ?" ಅತ್ತೆ ಚೆಲುವರಾಜುವನ್ನು ಕೇಳಿದರು.

"ನಾನೊಬ್ನೇ ಅಮ್ಮಾರೇ. ಕಿವಿಗೆ ಮುಚ್ಚಳ ಆಕೊಂಡಿರ್ತೀನಿ, ಒರಗಡೆದು ಏನೂ ಕೇಳಾಕಿಲ್ಲ."

ಶೆಡ್ಡಿನ ಹಿಂದೆ ಹೊಂಗೆಮರದಡಿ ನೆಲ ದುಂಡಗೆ ತುಳಿದು ಗಟ್ಟಿಯಾಗಿತ್ತು. ಅಲ್ಲೊಂದು ಕೆಂಪು ದಾರದ ಕುಚ್ಚು ಬಿದ್ದಿತ್ತು. ಪಕ್ಕದ ತಗಡಿನ ಗೋಡೆಯ ಒಳಮೈಗೇ ಮೈಕು ಕೂರಿಸಿದ್ದರು. ಅತ್ತೆ ಕುಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನನಗೆ ತಲೆಬುಡ ಅರ್ಥವಾಗಲಿಲ್ಲ.

ಮಧ್ಯಾಹ್ನ ಚೆಲುವರಾಜುವನ್ನು ಮಿಲ್ಲಿನ ಬಳಿಯೇ ಬಿಟ್ಟು, ಉಳಿದವರನ್ನೆಲ್ಲ ಮರದಡಿ ಸೇರಿಸಿ ಅತ್ತೆ ಅಂದರು, "ಪ್ರಸಾದ್, ನಿಮ್ಮ ಕಂಸಾಳೆ ತೊಗೊಳ್ಳಿ. ಪ್ರತಿ ಸೋಮವಾರ ಹೇಗೋ ಹಾಗೇ ಕುಣೀರಿ."

ಪ್ರಸಾದ್ ಬೆಪ್ಪಾದರು. "ನಿಮಗ್ಯಾರು ಹೇಳಿದ್ರು?"

"ಕಂಸಾಳೆಗೆ ಕಟ್ಟೋ ಈ ಕುಚ್ಚು, ಈ ತುಳಿದ ನೆಲ, ನಿಮ್ಮ ವಿಭೂತಿ. ಸೋಮವಾರ ಮಾದಪ್ಪನ ವಾರ, ಕಂಸಾಳೆ ಕುಣಿತ ಅವನ ಸೇವೆ ಅಲ್ವೇ?"

ಮಾಲೀಕರು, ಕೆಲಸಗಾರರು ಒಟ್ಟಾಗಿ ಕಂಚಿನ ತಾಳ ಬೀಸಿ ಬಡಿದರು. ಒಳಗಿನಿಂದ ಚೆಲುವರಾಜು ಕೂಗಿದ, "ಅದಿರು ಜಾಸ್ತಿ ಬೀಳ್ತಾ ಅದೆ!" ಅತ್ತೆ ಕೈಯೆತ್ತಿ ನಿಲ್ಲಿಸಿದರು. ಅದಿರೂ ತಗ್ಗಿತು.

"ಮೈಕಿಗೆ ಗುಂಡಿನ ಸದ್ದೂ ಒಂದೇ, ಕಂಸಾಳೆಯೂ ಒಂದೇ. ಡ್ರಮ್ಮು ಖಾಲಿ ಅಂತ ಯಂತ್ರ ಸುರೀತಾ ಹೋಯ್ತು. ಹೊಟ್ಟೆ ತುಂಬಿದ ಡ್ರಮ್ಮಲ್ಲಿ ಗುಂಡಿಗೆ ಏಟು ಕೊಡೋಕೆ ಜಾಗವೆಲ್ಲಿ? ಪುಡಿ ತರಿಯಾಯ್ತು. ಮೈಕನ್ನ ಬೇರೆ ಕಡೆಗೆ ಹಾಕ್ಸಿ. ಕೆಡಿಸಿದ್ದು ನೀವೇ, ಪ್ರಸಾದ್."

ಪ್ರಸಾದ್ ಮಂಚಮ್ಮನಿಗೆ ಕೈ ಮುಗಿದರು. "ತಪ್ಪಾಯ್ತು ಕಣವ್ವ."

"ನಂಗ್ಯಾಕೆ ಸಾ? ಎಲ್ರ ಮುಂದೆ ಅಂದಿದ್ದು ಅವನ್ನ. ಎಲ್ರ ಮುಂದೇನೇ ಅವ್ನಿಗೇಳಿ."

ಪ್ರಸಾದ್ ಹೊರಗೆ ಬಂದ ಚೆಲುವರಾಜುವಿನ ಎರಡೂ ಕೈ ಹಿಡಿದು ತಪ್ಪಾಯ್ತೆಂದು ಹೇಳಿದರು. ಕಿವಿಯ ಮುಚ್ಚಳ ಇನ್ನೂ ತೆಗೆದಿರದ ಅವನಿಗೆ ಅದು ಪೂರ್ತಿ ಕೇಳಿಸಿತೋ ಇಲ್ಲವೋ.

"ಅಂಗಾರೆ ನಾಳೆ ಕೆಲ್ಸಕ್ ಬರ್ಲಾ, ಸಾ?" ಎಂದ.