ಗುರುಶಾಂತಮ್ಮನ ಮೌನ

ಡಾಕ್ಟರ್ ಹಾಲಸ್ವಾಮಿಗೆ ಮಜ್ಜಿಗೆಯಲ್ಲಿ ದತ್ತೂರಿ ಬೀಜ ಅರೆದು ಕುಡಿಸಿದವಳು ಹತ್ತಿ ವ್ಯಾಪಾರಿ ಮಲ್ಲಯ್ಯನ ಹೆಂಡತಿ ಗುರುಶಾಂತಮ್ಮ ಎಂದು ಆದೋನಿಯ ಬಜಾರೆಲ್ಲ ನಂಬಿತ್ತು. ನಂಬದ ಒಬ್ಬಾಕೆ, ಅವಳ ಅತ್ತೆ ಗುರುಬಸಮ್ಮ, ಮರುದಿನ ಬೆಳಿಗ್ಗೆಯೇ ಪತ್ತೇದಾರ ರೇವಣಸಿದ್ದಯ್ಯನ ಮನೆಗೆ ಬಂದರು. ಅವನ ಗೆಳೆಯನಾದ ನಾನೂ ಅಲ್ಲಿದ್ದೆ.

"ಆಕಿ ಮಾತು ಬಿಟ್ಟಾಳ, ಖರೆ. ಆದ್ರ ವಿಷ ಹಾಕಾಕಿ ಅಲ್ಲರಿ. ನನ್ನ ಮಗ ಆಕಿನ್ನ ಹುಚ್ಚರ ಆಸ್ಪತ್ರಿಗೆ ಕಳಸ್ತಾನಂತ."

ಹಾಲಸ್ವಾಮಿ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣೆ ಕಲಿತು, ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಊರಿಗೆ ಮರಳಿದ್ದ. ರೋಗಿಯನ್ನು ಮಂಚದ ಮೇಲೆ ಮಲಗಿಸಿ, ತಲೆಯ ಹಿಂದೆ ಕೂತು, ಅವರು ಏನೇ ಅಂದರೂ ಅದಕ್ಕೊಂದು ಕೊಳಕು ಅರ್ಥ ಹುಡುಕುತ್ತಿದ್ದ. ಕೂಸು ಜ್ವರದಲ್ಲಿ ತೀರಿದ ಮೇಲೆ ಗುರುಶಾಂತಮ್ಮನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮಲ್ಲಯ್ಯ ಅವಳನ್ನು ಇವನ ಬಳಿ ಕಳಿಸಿದ. ಮೊದಮೊದಲು ಮಾತಾಡಿದಳು, ಆಮೇಲೆ ಒಮ್ಮೆಲೇ ನಿಲ್ಲಿಸಿದಳು. ಆದರೂ ಗಂಡ ಕಳಿಸುತ್ತಲೇ ಇದ್ದ. ಅವಳು ಮಲಗಿ ಸೂರು ನೋಡಿ ಎದ್ದು ಬರುತ್ತಿದ್ದಳು. ಅದು ತನ್ನ ಮೇಲಿನ ದ್ವೇಷವೆಂದು ಡಾಕ್ಟರ್ ಊರಿಗೆಲ್ಲ ಹೇಳಿದ್ದ. ಕೊನೆಗೆ ಮಲ್ಲಯ್ಯನಿಗೂ ಬೇಸರ ಬಂದು, ಚಿಕಿತ್ಸೆ ಸಾಕೆಂದು, ಕೊನೆಯ ಸಲ ಮಜ್ಜಿಗೆಯ ಚೊಂಬು ಕೊಟ್ಟು ಅವಳನ್ನು ಕಳಿಸಿದ್ದ.

ನಾವು ಡಾಕ್ಟರ ಮನೆಗೆ ಹೋದಾಗ ಹಾಲಸ್ವಾಮಿ ಕಿಟಕಿಯ ಬಿಸಿಲಿಗೆ ಮುಖವೊಡ್ಡಿ ಮಲಗಿದ್ದ. ಬಾಯ್ತುಂಬ ಎಲೆಅಡಿಕೆ, ಪೀಕದಾನಿ ಅರ್ಧ ತುಂಬಿತ್ತು. ನಿನ್ನೆ ಆಕೆ ತಂದ ಮಜ್ಜಿಗೆ ಪೂರ್ತಿ ಕುಡಿದೆ, ಇನ್ನೂ ತಲೆ ಸುತ್ತುತ್ತಿದೆ ಎಂದು ನರಳಿ, ಚೊಂಬಿನ ತಳದಲ್ಲಿದ್ದ ಬೀಜದ ಚೂರು ತೋರಿಸಿದ. ನರಳಿಕೆಯೊಳಗೂ ಒಂದು ಸಂತೋಷವಿತ್ತು.

"ಎಂಥಾ ದ್ವೇಷ ನೋಡ್ರಿ. ನಾ ಮೊದಲ ಹೇಳಿದ್ದೆ."

ರೇವಣಸಿದ್ದಯ್ಯ ಪಕ್ಕದಲ್ಲಿದ್ದ ಔಷಧಿ ಸೀಸೆ ಎತ್ತಿಕೊಟ್ಟು, ಇದೇನೆಂದು ಕೇಳಿದ. ಹಾಲಸ್ವಾಮಿ ಕನ್ನಡಕವಿಲ್ಲದೆ, ಸೀಸೆಯನ್ನು ಹತ್ತಿರ ಹಿಡಿದು, ಚೀಟಿಯ ಸಣ್ಣ ಅಕ್ಷರವನ್ನೆಲ್ಲ ಸರಾಗವಾಗಿ ಓದಿದ.

ಮಧ್ಯಾಹ್ನ ಮಲ್ಲಯ್ಯನ ಪಡಸಾಲೆಯಲ್ಲಿ ಎಲ್ಲರನ್ನೂ ಸೇರಿಸಿದೆವು. ಡಾಕ್ಟರೂ ಶಾಲು ಹೊದ್ದು ಬಂದ. ರೇವಣಸಿದ್ದಯ್ಯ ಅವನತ್ತ ನೋಡಲೂ ಇಲ್ಲ, ಮಲ್ಲಯ್ಯನಿಗೆ ವಿವರಿಸಿದ. ದತ್ತೂರಿ ಹೊಟ್ಟೆಗೆ ಹೋದರೆ ಒಂದೆರಡು ದಿನ ಬಾಯಿ ಒಣಗಿ ಉಗುಳು ಬತ್ತುತ್ತದೆ. ಈತ ಪೀಕದಾನಿ ತುಂಬಿಸುತ್ತಿದ್ದ. ಕಣ್ಣಿನ ಪಾಪೆ ಅಗಲವಾಗಿ ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಮಂಜಾಗುತ್ತದೆ. ಈತ ಬಿಸಿಲಲ್ಲೇ ಮಲಗಿ ಸೀಸೆ ಓದಿದ. ಅಂದಮೇಲೆ ಈತ ಆ ಮಜ್ಜಿಗೆ ಕುಡಿದೇ ಇಲ್ಲ. ಕುಡಿಯದೆ ಕುಡಿದೆನೆಂದು ನಟಿಸಬೇಕಾದರೆ, ಅದರಲ್ಲಿ ವಿಷವಿದೆಯೆಂದು ಮೊದಲೇ ಗೊತ್ತಿರಬೇಕು. ಹಾಕಿದವನಿಗಷ್ಟೇ ಅದು ಗೊತ್ತು.

"ಯಾಕ ಹಾಕ್ಯಾನ?" ಮಲ್ಲಯ್ಯ ಕೇಳಿದ.

"ಆಕಿ ಚಿಕಿತ್ಸಾ ಬಿಟ್ಟು ಹೋದ್ರ ಇವನು ಸೋತಂಗ. ಆಕಿ ವಿಷ ಹಾಕಿದ್ರ ಇವನು ಹೇಳಿದ್ದ ಖರೆ ಆದಂಗ. ಇಷ್ಟ ಈತನ ವಿದ್ಯಾ."

ಆಮೇಲೆ ರೇವಣಸಿದ್ದಯ್ಯ ಗುರುಶಾಂತಮ್ಮನ ಕಡೆ ತಿರುಗಿ, ಮಾತು ಯಾಕೆ ಬಿಟ್ಟೆ ತಾಯಿ ಎಂದು ಕೇಳಿದ. ಅವಳು ಸೆರಗು ಬಿಗಿಹಿಡಿದು ಹೇಳಿದಳು.

"ಕೂಸು ಸಾಯಲಿ ಅಂತ ನಾನ ಒಳಗೊಳಗ ಬಯಸಿದ್ನಂತ ಡಾಕ್ಟ್ರು ಅಂದ್ರು. ಅಲ್ಲರಿ ಅಂದೆ. ಅಲ್ಲ ಅನ್ನೋದ ರೋಗ ಅಂದ್ರು. ಮತ್ತ ಏನಂತ ಮಾತಾಡ್ಲಿ?"

ಹಾಲಸ್ವಾಮಿಯ ಮುಖ ಅರಳಿತು. "ನೋಡಿದ್ರಾ, ಮಾತಾಡಿದಳು. ಚಿಕಿತ್ಸಾ ಮುಂದುವರಿಸಿದ್ರ..."

ಗುರುಬಸಮ್ಮ ಎದ್ದು ಹೋಗಿ ಬೀದಿ ಬಾಗಿಲು ತೆರೆದು ಹಿಡಿದರು. ಅವನು ಶಾಲು ಎಳೆದುಕೊಂಡು ಹೊರಬೀಳುವವರೆಗೂ ಬಿಡಲಿಲ್ಲ. ಮಲ್ಲಯ್ಯ ತಲೆ ಎತ್ತಲಿಲ್ಲ.

ಒಳಗಿನ ಕೋಣೆಯಲ್ಲಿ ಗುರುಶಾಂತಮ್ಮ ಗೋಡೆಗೊರಗಿ ಅಳತೊಡಗಿದಳು. ಅತ್ತೆ ಹೋಗಿ ಪಕ್ಕದಲ್ಲಿ ಕೂತರು. ಅಳು ಸಾಕು ಎಂದು ಯಾರೂ ಅನ್ನಲಿಲ್ಲ.