ಒಣ ತೇಗ, ಹಸಿ ಹೊನ್ನೆ

"ಮೆಷಿನ್ ಯಾಕ್ರೀ ನಿಲ್ಸಿದೀರಾ? ಅದನ್ನ ಕೇಳೋಣ ಅಂತಾನೇ ಖುಷಿಯಾಗಿ ಬಂದೆ!"

ಹೆಣ್ಣು ನೋಡಲು ಬಂದ ಗಂಡು ತಾರಸಿಯ ಮೇಲೆ ಆಡಿದ ಮೊದಲ ಮಾತು ಇದು. ತನುಶ್ರೀಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನು? ಚಾಮರಾಜಪೇಟೆಯ ಆ ಮನೆಗೂ ಅವಳ ಅಪ್ಪ ಗಂಗಾಧರಯ್ಯನವರ ಮರ ಕೊಯ್ಯುವ ಮಿಲ್ಲಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಹಿಂದೆ ಬಂದಿದ್ದ ಗಂಡೊಬ್ಬ ಒಂದು ಕಿವಿಗೆ ಬೆರಳಿಟ್ಟುಕೊಂಡೇ ಉಪ್ಪಿಟ್ಟು ತಿಂದು ಹೋಗಿದ್ದ. ಇನ್ನೊಬ್ಬನ ತಾಯಿ, "ಈ ಗದ್ದಲದಲ್ಲಿ ಬೆಳೆದ ಹುಡುಗಿ ಮೆತ್ತಗೆ ಮಾತಾಡ್ತಾಳಾ?" ಎಂದು ಮುಖ ಸಿಂಡರಿಸಿದ್ದರು. ಅದಕ್ಕೇ ಈ ಸಲ ಅಪ್ಪ ಕೆಲಸದ ದಿನವೇ ಗರಗಸ ನಿಲ್ಲಿಸಿ, ಆಳುಗಳಿಗೆ ರಜೆ ಕೊಟ್ಟಿದ್ದರು.

ಈಗ ಇವನೊಬ್ಬ ಗೇಲಿ ಮಾಡಲು ಬಂದ!

ಹೆಸರು ಪ್ರಭುದೇವ. ಮಲ್ಲೇಶ್ವರದ ಬ್ಯಾಂಕೊಂದರಲ್ಲಿ ಗುಮಾಸ್ತ. ನೋಡಲು ಸಾಧು. ಕಣ್ಣುಗಳಂತೂ ಎಷ್ಟು ಚೆನ್ನಾಗಿದ್ದವು... ಥೂ, ಆ ಕಣ್ಣಿಗಿಷ್ಟು!

"ನಿಮ್ಗೆ ಡೆತ್ ಮೆಟಲ್ ಗೊತ್ತಾ?"

'ಮದುವೆ ಮಾತಿನ ಮಧ್ಯೆ ಸಾವು ಯಾಕೆ ಬಂತು, ಶಿವನೇ!'

"ಸ್ವೀಡನ್ ಕಡೆ ಮ್ಯೂಸಿಕ್ಕು ರೀ. ಎಂಟೂಂಬ್ಡ್ ಅಂತ ಬ್ಯಾಂಡು, ತೊಂಬತ್ತರಲ್ಲಿ ಮೊದಲ್ನೇ ಆಲ್ಬಮ್ಮು ತಂದ್ರು. ಮಾರನೇ ವರ್ಷ ಡಿಸ್ಮೆಂಬರ್ ಅನ್ನೋರದ್ದು ಬಂತು, ಗ್ರೇವ್ ಅನ್ನೋರದ್ದೂ ಬಂತು. ಸ್ಟಾಕ್‌ಹೋಮ್ ಹುಡುಗ್ರು ಗಿಟಾರ್ ದನೀನ ಒಡೆಯೋ ಪೆಡಲಿನ ನಾಬ್‌ಗಳನ್ನೆಲ್ಲ ಫುಲ್ ತಿರುಗ್ಸಿಬಿಡ್ತಾರೆ... ಥೇಟ್ ನಿಮ್ಮ ಮಿಲ್ಲಿನ ಸೌಂಡು!"

ಕೆಳಗೆ ಕೇಸರಿಬಾತು ಆರುತ್ತಿತ್ತು. ಇವನು ಗೋಥೆನ್‌ಬರ್ಗ್ ಊರಿಗೆ ಹೋಗಿ, ಆ್ಯಟ್ ದ ಗೇಟ್ಸ್ ಎಂಬ ಬ್ಯಾಂಡಿನವರ ಮೊದಲ ಆಲ್ಬಮ್ಮನ್ನು ಬಣ್ಣಿಸುತ್ತಿದ್ದ. ಏನು ಓದಿದ್ದೀರಿ, ಏನಿಷ್ಟ ಎಂದು ಒಂದು ಮಾತು ಕೇಳಿದನೇ? ಊಹೂಂ!

"ಕೇಳಿ ನೋಡಿ" ಎಂದು ಒಂದು ಕ್ಯಾಸೆಟ್ ಕೈಗಿಟ್ಟು ಇಳಿದುಹೋದ.

ಸಂಜೆಯೇ ತನುಶ್ರೀ ಅಪ್ಪನಿಗೆ ಕಡ್ಡಿ ಮುರಿದಂತೆ ಹೇಳಿದಳು. "ಬೇಡ. ನಮ್ಮ ಮಿಲ್ಲನ್ನ ಆಡ್ಕೊಳ್ಳೋರ ಮನೆಗೆ ನಾನು ಹೋಗಲ್ಲ."

ಗಂಗಾಧರಯ್ಯ ನಿಟ್ಟುಸಿರಿಟ್ಟು ಹಾಗೆಯೇ ಹೇಳಿ ಕಳುಹಿಸಿದರು.

ಆದರೂ ಆ ಕ್ಯಾಸೆಟ್ಟು ಕಣ್ಣಿಗೆ ಚುಚ್ಚುತ್ತಲೇ ಇತ್ತು. ಅದೇನು ಅವಮಾನ ತುಂಬಿಟ್ಟಿದ್ದಾನೋ ನೋಡೇಬಿಡೋಣ ಎಂದು ಟೇಪ್ ರೆಕಾರ್ಡರಿಗೆ ಹಾಕಿದಳು.

ಡಬ್ಬಿಯ ಮೇಲೆ ಬರೆದಿದ್ದಂತೆ ಮೊದಲು ಎಂಟೂಂಬ್ಡ್. ಯಾರೋ ಗಂಟಲು ಹರಿಯುವಂತೆ ಅರಚುತ್ತಿದ್ದ. ಕರ್ಮ! ಆದರೆ ಅವನ ಹಿಂದೆ...

ವಾಲ್ಯೂಮ್ ಜಾಸ್ತಿ ಮಾಡಿದಳು. ಗರಗಸ! ಒಣ ತೇಗದ ದಿಮ್ಮಿಯೊಳಗೆ ಇಳಿಯುವ ಗರಗಸ! ಎರಡನೆಯ ಬ್ಯಾಂಡು ಡಿಸ್ಮೆಂಬರಿನದು ಇನ್ನೂ ದಪ್ಪ ದನಿ, ಹಸಿ ಹೊನ್ನೆ ಮರ ಕೊಯ್ದ ಹಾಗೆ. ತೊಟ್ಟಿಲಿನಲ್ಲಿದ್ದಾಗಿನಿಂದ ಮಧ್ಯಾಹ್ನವೆಲ್ಲ ಅವಳನ್ನು ಮಲಗಿಸಿದ್ದು ಇದೇ ಸದ್ದು.

ಅವನು ಗೇಲಿ ಮಾಡಿರಲಿಲ್ಲ. ತನಗೆ ಪ್ರಾಣದಷ್ಟು ಇಷ್ಟವಾದದ್ದು ಈ ಮನೆಯಲ್ಲಿದೆ ಎಂದು ಹೇಳಿದ್ದ.

'ಅಯ್ಯೋ ಮಹಾರಾಯ, ಅದನ್ನು ಬಿಡಿಸಿ ಹೇಳಬಾರದಿತ್ತೇ? ಸ್ಟಾಕ್‌ಹೋಮ್ ಪುರಾಣ ಹೇಳೋಕೆ ಬಾಯಿತ್ತಲ್ಲ!'

ಅಷ್ಟರಲ್ಲಿ ಅಮ್ಮ ಸುದ್ದಿ ತಂದರು. ಪ್ರಭುದೇವ ಶುಕ್ರವಾರ ಮತ್ತಿಕೆರೆಗೆ ಹೆಣ್ಣು ನೋಡಲು ಹೋಗುತ್ತಾನಂತೆ.

ತನುಶ್ರೀ ತಡಮಾಡಲಿಲ್ಲ. ಮಾನ ಮರ್ಯಾದೆ ಬದಿಗಿಟ್ಟು ಬ್ಯಾಂಕಿಗೆ ಫೋನ್ ಮಾಡಿದಳು.

"ನಿಮ್ಮ ಕ್ಯಾಸೆಟ್ ಇಲ್ಲೇ ಬಿದ್ದಿದೆ. ಬಂದು ತಗೊಂಡ್ ಹೋಗಿ!"

ಪ್ರೀತಿಯಿಂದ ಕರೆಯಲು ಹೋಗಿ ಬೈದಂತಾಗಿತ್ತು.

ಮರುದಿನ ಅವನು ಬಂದಾಗ ಮಿಲ್ಲು ಓಡುತ್ತಿತ್ತು. ಅವನು ಗೇಟಿನಲ್ಲೇ ಕಣ್ಣುಮುಚ್ಚಿ ನಿಂತುಬಿಟ್ಟಿದ್ದ. ತಲೆಯ ಮೇಲೆಲ್ಲ ಮರದ ಹೊಟ್ಟು.

"ಕ್ಯಾಸೆಟ್ಟು..."

"ಕೊಡಲ್ಲ! ಹೆಣ್ಣು ನೋಡೋಕೆ ಬಂದೋರು ಮಿಲ್ಲನ್ನ ಹೊಗಳ್ತಾರೇನ್ರೀ? ನನ್ ಬಗ್ಗೆ ಒಂದ್ ಮಾತೂ ಕೇಳ್ಲಿಲ್ಲ!"

ಅವನು ತಲೆ ತಗ್ಗಿಸಿದ. "ಭಯ ಆಯ್ತು ರೀ. ಮುಂಚೆ ನೋಡಿದ ಹುಡುಗೀರೆಲ್ಲ ಈ ಮ್ಯೂಸಿಕ್ ಅಂದ್ರೆ ಕಿವಿ ಮುಚ್ಕೊಂಡ್ರು. ಮುಚ್ಚಿಟ್ಟು ಮದುವೆ ಆದ್ರೆ ಮೋಸ ಅಲ್ವಾ? ಈ ಸದ್ದಲ್ಲೇ ಬೆಳೆದೋರು ಒಪ್ತಾರೇನೋ ಅಂತ ಎಲ್ಲಾ ಹೇಳ್ಬಿಟ್ಟೆ... ನೀವೂ ಬೇಡ ಅಂದ್ರಿ."

ಎದುರಿಗಿದ್ದವರು ಕಿವಿ ಮುಚ್ಚಿಕೊಂಡರೆ ಹೇಗಿರುತ್ತದೆಂದು ತನುಶ್ರೀಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಮತ್ತಿಕೆರೆಗೆ ಹೋಗ್ಬೇಡಿ... ನಂಗೆ ನೀವೇ ಬೇಕು."

"ಏನಂದ್ರಿ? ಕೇಳಿಸ್ಲಿಲ್ಲ!"

ದೂರದಲ್ಲಿದ್ದ ಗಂಗಾಧರಯ್ಯ ಮಗಳ ಮುಖ ನೋಡಿ ಗಾಬರಿಯಾಗಿ, ಮೆಷಿನ್ ನಿಲ್ಲಿಸುವಂತೆ ಕೈ ಎತ್ತಿದರು.

"ನಿಲ್ಲಿಸ್ಬೇಡಿ!" ಇಬ್ಬರೂ ಒಟ್ಟಿಗೇ ಕೂಗಿದರು.

ಆಮೇಲೆ ಆ ಗದ್ದಲದಲ್ಲಿ ಬೆಳೆದ ಹುಡುಗಿ, ಮೆತ್ತಗೆ ಮಾತಾಡುವ ಗೋಜಿಗೇ ಹೋಗದೆ, ಗಂಟಲೆತ್ತಿ ಹೇಳಿದಳು. "ನಂಗೆ ನೀವೇ ಬೇಕು ಅಂದೆ!"

ಗಂಗಾಧರಯ್ಯ ಏನೂ ಕೇಳಿಸದವರಂತೆ ದಿಮ್ಮಿಯ ಕಡೆ ತಿರುಗಿ, ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

ಪ್ರಭುದೇವನ ಮುಖ ಕೆಂಪಾಗಿತ್ತು. ಅವನು ಅವಳ ಕಿವಿಯ ಹತ್ತಿರ ಬಾಗಿ ಕೇಳಿದ. "ಈಗ ಕೊಯ್ತಿರೋದು... ಯಾವ ಬ್ಯಾಂಡು?"

"ಹಸಿ ಹೊನ್ನೆ. ಡಿಸ್ಮೆಂಬರ್."

"ಎಂಟೂಂಬ್ಡ್?"

ಅವಳು ಅವನ ತಲೆಯ ಮೇಲಿನ ಹೊಟ್ಟನ್ನು ಮೆಲ್ಲಗೆ ಕೊಡವಿದಳು. "ಒಣ ತೇಗ. ಶುಕ್ರವಾರ ಲೋಡ್ ಬರುತ್ತೆ... ಬನ್ನಿ, ಕೂತ್ಕೊಂಡು ಕೇಳೋಣ."